ಮೊದಲು ಬರಹ, ಆಮೇಲೆ ಸಾಫ್ಟ್‌ವೇರ್

ತಾವರೆಕೆರೆಯಿಂದ ಸಿರಾಕ್ಕೋ ಹಿರಿಯೂರಿಗೋ ಬಸ್ಸು ಹತ್ತಿ ಕಾಲೇಜಿಗೆ ಹೋಗಿಬರುವ ಮಕ್ಕಳು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: “ಮೇಷ್ಟ್ರೇ, ವೆಬ್‌ಸೈಟ್ ಮಾಡೋದು ಕಲೀಬೇಕು, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ?”

ಸಾಫ್ಟ್‌ವೇರ್‌ಗಳ ಹೆಸರನ್ನೂ ಹೇಳುತ್ತೇನೆ ಮಗೂ. ಅದಕ್ಕೆ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೋ. ವೆಬ್‌ಸೈಟ್ ಎಂದರೆ ಕೊನೆಗೂ ಬರಹ. ಯಾರಿಗೆ, ಏನು ತಿಳಿಸಬೇಕು ಎಂಬುದನ್ನು ನೆಟ್ಟಗೆ ಬರೆಯಬಲ್ಲವರು ಯಾವ ಸಾಫ್ಟ್‌ವೇರ್ ಕೊಟ್ಟರೂ ಪುಟ ಕಟ್ಟುತ್ತಾರೆ. ಬರೆಯಲು ಏನೂ ಇಲ್ಲದೆ ಕೂತವರಿಗೆ ಎಷ್ಟು ದುಬಾರಿಯದನ್ನು ಕೊಡಿಸಿದರೂ ಪರದೆಯ ಮೇಲೆ ಬಣ್ಣದ ಚೌಕಗಳಷ್ಟೇ ಉಳಿಯುತ್ತವೆ. ಮೊದಲು ಬರಹ, ಆಮೇಲೆ ಸಾಫ್ಟ್‌ವೇರ್. ನಾನು ಹೇಳುವುದೆಲ್ಲ ಇದರ ವಿವರಣೆ.

ಸಾಫ್ಟ್‌ವೇರ್‌ಗೆ ಆಯಸ್ಸು ಕಡಿಮೆ. ಒಂದು ಕಾಲದಲ್ಲಿ ವೆಬ್‌ಸೈಟ್ ಮಾಡಬೇಕೆಂದರೆ ಮೈಕ್ರೋಸಾಫ್ಟ್‌ನ ಫ್ರಂಟ್‌ಪೇಜ್ ಕಲಿ ಎನ್ನುತ್ತಿದ್ದರು. 2006ರಲ್ಲಿ ಅದನ್ನು ನಿಲ್ಲಿಸಿದರು. ಕುಣಿಯುವ, ಮಿನುಗುವ ಪುಟಕ್ಕೆ ಫ್ಲ್ಯಾಶ್ ಬೇಕೇ ಬೇಕು ಎನ್ನುತ್ತಿದ್ದರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದಕ್ಕೂ ತೆರೆ ಎಳೆಯಿತು. ಜಿಯೋಸಿಟೀಸ್‌ನಲ್ಲಿ ಪುಕ್ಕಟೆ ಜಾಗ ಸಿಕ್ಕಿತೆಂದು ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ದರು. 2009ರಲ್ಲಿ ಯಾಹೂ ಅದನ್ನು ಮುಚ್ಚಿದಾಗ, ಬರಹದ ಪ್ರತಿ ಇಟ್ಟುಕೊಳ್ಳದವರು ಬರಿಗೈಯಲ್ಲಿ ನಿಂತರು. ಇನ್ನೊಂದು ಕಡೆ ನೋಡು. ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಮಾಡಿ 1991ರಲ್ಲಿ ಲೋಕಕ್ಕೆ ತೆರೆದ ಮೊದಲ ವೆಬ್‌ಸೈಟನ್ನು 2013ರಲ್ಲಿ ಸರ್ನ್ ಅದರ ಹಳೆಯ ವಿಳಾಸಕ್ಕೇ ಮತ್ತೆ ತಂದಿಟ್ಟಿತು. ನಿನ್ನ ಫೋನಿನಲ್ಲೂ ಅದು ತೆರೆದುಕೊಳ್ಳುತ್ತದೆ. ಅದರಲ್ಲಿರುವುದು ಬರಹ, ಮತ್ತು ಆ ಬರಹದಲ್ಲಿ ಯಾವುದು ತಲೆಬರಹ, ಯಾವುದು ಕೊಂಡಿ ಎಂದು ಹೇಳುವ ಕೆಲವು ಗುರುತುಗಳು, ಅಷ್ಟೇ. ಆ ಗುರುತುಗಳನ್ನೇ ಎಚ್‌ಟಿಎಂಎಲ್ ಎನ್ನುವುದು. 1993ರ ಏಪ್ರಿಲ್ 30ರಂದು ಸರ್ನ್ ವೆಬ್ಬನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇವತ್ತು ನೀನು ಯಾರ ಅಪ್ಪಣೆಯನ್ನೂ ಕೇಳದೆ, ಯಾರಿಗೂ ರಾಯಧನ ಕಟ್ಟದೆ ಪುಟ ಮಾಡಬಹುದಾದರೆ ಅದಕ್ಕೆ ಆ ದಿನದ ನಿರ್ಧಾರವೇ ಕಾರಣ.

ನಮ್ಮ ಕನ್ನಡದ ಕಥೆಯನ್ನೂ ತಿಳಿದುಕೋ. 1996ರಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ವೆಬ್‌ಸೈಟನ್ನು ಶುರುಮಾಡಿದಾಗ ವೆಬ್‌ನಲ್ಲಿ ಕನ್ನಡ ಕಾಣಿಸುವುದೇ ಒಂದು ಸಾಹಸ. 1998ರಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರ ‘ಬರಹ’ ಸಾಫ್ಟ್‌ವೇರ್ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಟೈಪಿಂಗ್ ಹಗುರವಾಯಿತು. ಇವರೆಲ್ಲ ಹಾಕಿದ ದಾರಿಯಲ್ಲೇ ನಾವು ನಡೆಯುತ್ತಿರುವುದು. ಆದರೆ ಆ ಕಾಲದ ಫಾಂಟುಗಳಿಗೆ ಒಂದು ಮಿತಿ ಇತ್ತು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಜಾಗಗಳೇ. ಇದನ್ನು ನೀನೇ ಪರೀಕ್ಷೆ ಮಾಡಿ ನೋಡು. ಡಿಟಿಪಿ ಅಂಗಡಿಯಿಂದ ಹಳೆಯ ನುಡಿ ಫಾಂಟಿನ ಒಂದು ಕಡತ ತಂದು, ಅದರಿಂದ ‘ಕನ್ನಡ’ ಎಂಬ ಪದವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸು. ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಕ್ಯೂ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಗೂಗಲ್‌ಗೆ ಕಾಣುವುದೂ ಇದೇ. ಅಂಥ ಪುಟದಲ್ಲಿ ಕನ್ನಡ ಇದೆ ಎಂದು ಹುಡುಕುವ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ.

ಪ್ರತಿ ಲಿಪಿಗೂ ಅದರದೇ ಜಾಗ ಕೊಡುವ ಯೂನಿಕೋಡ್ ಬಂದಮೇಲೆ ಈ ತೊಡಕು ತೀರಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆಂದು 128 ಜಾಗಗಳ ಸ್ವಂತ ಓಣಿ ಸಿಕ್ಕಿತ್ತು. ಅದು ಮನೆಮನೆಯ ಕಂಪ್ಯೂಟರ್‌ಗೆ ಬರಲು ವರ್ಷಗಳು ಹಿಡಿದವು. ಈಗ ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಇದೆ, ಫೋನಿನಲ್ಲಿ ಜಿಬೋರ್ಡ್ ಇದೆ, ನುಡಿಯಲ್ಲೂ ಯೂನಿಕೋಡ್ ಇದೆ. ಆದರೂ ಜಾತ್ರೆಯ ಕರಪತ್ರ, ಹಾಲಿನ ಸಂಘದ ವರದಿ, ಶಾಲೆಯ ಸ್ಮರಣ ಸಂಚಿಕೆ ಬಹಳ ಕಡೆ ಇನ್ನೂ ಹಳೆಯ ಫಾಂಟಿನಲ್ಲೇ ಇರುತ್ತವೆ. ಯಾರಾದರೂ ಅಂಥ ಕಡತ ಕೊಟ್ಟರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದು, ಆಮೇಲೆ ಪುಟಕ್ಕೆ ಹಾಕು. ಈ ಕೆಲಸಕ್ಕೆ ಬೇಸರಪಡಬೇಡ. ಊರಿನ ಬರಹವನ್ನು ಉಳಿಸುವ ಕೆಲಸ ಇದು.

ಈಗ ಮೊದಲ ಪುಟ ಮಾಡೋಣ. ಲ್ಯಾಪ್‌ಟಾಪ್ ಇದ್ದರೆ ನೋಟ್‌ಪ್ಯಾಡ್ ಸಾಕು. ಫೋನ್ ಮಾತ್ರ ಇದ್ದರೆ ಕೋಡ್ ಬರೆಯುವ ಉಚಿತ ಆ್ಯಪ್ ಒಂದನ್ನು ಹಾಕಿಕೋ. ಪುಟ ಬರೆಯಲು ಇಂಟರ್ನೆಟ್ಟೂ ಬೇಡ. ಕಡತದ ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಎಂದು ಕೊಟ್ಟು, ಎನ್‌ಕೋಡಿಂಗ್ ಯುಟಿಎಫ್-8 ಇರುವಂತೆ ಉಳಿಸು. ತಲೆಬರಹಕ್ಕೆ ಎಚ್1, ಪ್ಯಾರಾಕ್ಕೆ ಪಿ, ಕೊಂಡಿಗೆ ಎ, ಚಿತ್ರಕ್ಕೆ ಐಎಂಜಿ. ಈ ನಾಲ್ಕು ಗುರುತು, ಅಂದರೆ ಟ್ಯಾಗ್, ಕಲಿತರೆ ಒಂದು ಪೂರ್ತಿ ಪುಟ ಆಗುತ್ತದೆ. ಪುಟದ ಭಾಷೆ ಕನ್ನಡ ಎಂದು ಎಲ್ಲಕ್ಕೂ ಮೇಲೆ ಬರುವ ಎಚ್‌ಟಿಎಂಎಲ್ ಟ್ಯಾಗ್‌ನಲ್ಲೇ ನಮೂದಿಸು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸಾಫ್ಟ್‌ವೇರ್ ಆ ಗುರುತು ನೋಡಿ ಕನ್ನಡದ ದನಿಗೆ ಹೊರಳಿಕೊಳ್ಳಬಲ್ಲದು.

ಏನು ಬರೆಯಲಿ ಎಂದು ತಲೆ ಕೆರೆದುಕೊಳ್ಳಬೇಡ. ಸಿರಾ ಹತ್ತಿರದ ಕಗ್ಗಲಡು ಇದೆಯಲ್ಲ, ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ. ಅವರಿಗಾಗಿ ಒಂದು ಪುಟ ಮಾಡು. ಹಕ್ಕಿಗಳು ಯಾವ ತಿಂಗಳು ಬಂದು ಯಾವ ತಿಂಗಳು ಹೋಗುತ್ತವೆ ಎಂದು ಮರದ ಕೆಳಗಿನ ಮನೆಯವರನ್ನೇ ಕೇಳು. ಸಿರಾ ಬಸ್ ಸ್ಟ್ಯಾಂಡಿನಿಂದ ಹೇಗೆ ಹೋಗಬೇಕು, ಬಸ್ಸು ಎಷ್ಟು ಹೊತ್ತಿಗೆ, ವಾಪಸ್ ಬರುವ ಬಸ್ಸು ಯಾವಾಗ, ಗೂಡಿನ ಬಳಿ ಏನು ಮಾಡಬಾರದು, ಇಷ್ಟನ್ನು ಬರೆ. ಇದನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಅಜ್ಜಿಗೆ ಓದಿ ಹೇಳು. ಅಜ್ಜಿ ನಡುವೆ ತಡೆದು “ಹಂಗಂದ್ರೇನು?” ಎಂದ ಕಡೆ ತಿದ್ದು. ಆಮೇಲೆ ಕಂಪ್ಯೂಟರ್ ಮುಂದೆ ಕೂರು.

ಊರಿನ ವಿಳಾಸವನ್ನು ಪೂರ್ತಿ ಬರೆಯುವ ಅಭ್ಯಾಸ ಮಾಡಿಕೋ. ತಾವರೆಕೆರೆ ಎಂದಷ್ಟೇ ಬರೆದರೆ ಹುಡುಕಿದವರು ಮಾಗಡಿ ರಸ್ತೆಯ ತಾವರೆಕೆರೆಗೋ, ಬೆಂಗಳೂರಿನ ಬಿಟಿಎಂ ಬಡಾವಣೆಯ ಪಕ್ಕದ ತಾವರೆಕೆರೆಗೋ ಹೋಗಿ ನಿಲ್ಲುತ್ತಾರೆ. ತಾವರೆಕೆರೆ, ಸಿರಾ ತಾಲ್ಲೂಕು, ತುಮಕೂರು ಜಿಲ್ಲೆ ಎಂದು ಬರೆ. ಕೆಲವರು ಸಿರಾ ಎಂದೂ ಕೆಲವರು ಶಿರಾ ಎಂದೂ ಟೈಪ್ ಮಾಡುತ್ತಾರೆ. ಪುಟದಲ್ಲಿ ಎರಡೂ ರೂಪ ಒಂದೊಂದು ಸಲ ಬಂದಿರಲಿ, ಹುಡುಕಿದವರಿಗೆಲ್ಲ ಸಿಗುತ್ತದೆ.

ಬರಹ ನಿಂತ ಮೇಲೆ ಅಂದ. ಅದಕ್ಕೆ ಸಿಎಸ್‌ಎಸ್ ಕಲಿ. ಇಲ್ಲಿ ಇಂಗ್ಲಿಷ್ ಪಾಠಗಳನ್ನು ಹಾಗೆಯೇ ಇಳಿಸಿಕೊಳ್ಳಬೇಡ, ಕನ್ನಡದ ಅಕ್ಷರದ ಮೈಕಟ್ಟೇ ಬೇರೆ. ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವೆ. ‘ಸ್ತ್ರೀ’, ‘ಜ್ಯೋತ್ಸ್ನಾ’ ಎಂದು ಬರೆದು ನೋಡು, ಸಾಲುಗಳ ನಡುವೆ ಜಾಗ ಸಾಲದಿದ್ದರೆ ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಇಡು. ಇಂಗ್ಲಿಷಿಗೆ 16 ಪಿಕ್ಸೆಲ್ ಸಾಕೆನಿಸಿದರೆ ಕನ್ನಡಕ್ಕೆ 18 ಕೊಡು, ಚಾಳೀಸು ಹಾಕಿಕೊಳ್ಳುವವರು ಹರಸುತ್ತಾರೆ. ಉದ್ದದ ಪ್ಯಾರಾವನ್ನು ಪೂರ್ತಿ ದಪ್ಪ ಅಕ್ಷರದಲ್ಲಿ ಹಾಕಬೇಡ, ಅಕ್ಷರದ ಹೊಟ್ಟೆ ಮುಚ್ಚಿಹೋಗಿ ‘ಪ’ ಯಾವುದು ‘ಷ’ ಯಾವುದು ತಿಳಿಯದಂತಾಗುತ್ತದೆ. ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಬಲೂ ತಮ್ಮ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಪುಟಕ್ಕೆ ಒಂದು, ಹೆಚ್ಚೆಂದರೆ ಎರಡು ಫಾಂಟ್ ಸಾಕು.

ಚಿತ್ರದ ಲೆಕ್ಕ ಕೇಳು. ಫೋನಿನಲ್ಲಿ ತೆಗೆದ ಒಂದು ಫೋಟೋ 4 ಎಂಬಿ ಇರಬಹುದು. ಸೆಕೆಂಡಿಗೆ 1 ಮೆಗಾಬಿಟ್ ಬರುವ ನೆಟ್‌ವರ್ಕಿನಲ್ಲಿ ಅದು ತೆರೆಯಲು 32 ಸೆಕೆಂಡ್ ಬೇಕು. ಅದನ್ನೇ 200 ಕೆಬಿಗೆ ಇಳಿಸಿದರೆ ಎರಡು ಸೆಕೆಂಡಿನೊಳಗೆ ಬರುತ್ತದೆ. ಫೋನಿನ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. ಹೊಲದ ಬದುವಿನಲ್ಲಿ ನಿಂತು, ಎರಡೇ ಕಡ್ಡಿ ಸಿಗ್ನಲ್ ಇರುವ ಫೋನಿನಲ್ಲಿ, ಸುಡುಬಿಸಿಲಲ್ಲಿ ನಿನ್ನ ಪುಟವನ್ನು ತೆರೆದು ನೋಡು. ಅಲ್ಲಿ ಓದಲಿಕ್ಕೆ ಬಂದರೆ ಎಲ್ಲಿ ಬೇಕಾದರೂ ಬರುತ್ತದೆ. ತಿಳಿಬೂದು ಅಕ್ಷರ ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಂಡರೂ ಬಿಸಿಲಿಗೆ ಮಾಯವಾಗುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಇಷ್ಟು ಕೈಗೆ ಹತ್ತಿದ ಮೇಲೆ ಸಾಫ್ಟ್‌ವೇರ್ ಹಿಡಿ. ಕೋಡ್ ಬರೆಯುವ ಆಸೆ ಬಂದರೆ ವಿಎಸ್ ಕೋಡ್ ಹಾಕಿಕೋ, ಹಣ ಕೊಡಬೇಕಿಲ್ಲ. ನೀನು ಮಾಡಿದ ಪುಟವನ್ನು ಲೋಕಕ್ಕೆ ಇಡಲು ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆ ಜಾಗ ಸಿಗುತ್ತದೆ. ಶಾಲೆಗೋ ಸ್ತ್ರೀಶಕ್ತಿ ಸಂಘಕ್ಕೋ ನಾಲ್ಕು ಪುಟ ಬೇಕು ಎಂದರೆ ಗೂಗಲ್ ಸೈಟ್ಸ್ ಸಾಕು. ದಿನಾ ಹೊಸ ಬರಹ ಸೇರಿಸಬೇಕು, ಹಲವರು ಕೈಹಾಕಬೇಕು ಎಂದರೆ ವರ್ಡ್‌ಪ್ರೆಸ್ ಒಳ್ಳೆಯದು. 2003ರಿಂದ ಬೆಳೆದು ಬಂದಿರುವ ಮುಕ್ತ ತಂತ್ರಾಂಶ ಅದು. ಅದರ ಒಳಗಿನ ಪಟ್ಟಿಗಳನ್ನೂ ಕನ್ನಡದಲ್ಲಿ ನೋಡಬಹುದು. ಕ್ಯಾನ್ವಾದಲ್ಲಿ ಪೋಸ್ಟರ್ ಮಾಡಿ ಅದನ್ನೇ ಚಿತ್ರವಾಗಿ ಅಂಟಿಸಿ ವೆಬ್‌ಸೈಟ್ ಆಯಿತು ಎನ್ನಬೇಡ. ಚಿತ್ರದೊಳಗೆ ಹೋದ ಬರಹವನ್ನು ಓದುಗರು ಸುಲಭವಾಗಿ ನಕಲು ಮಾಡಿಕೊಳ್ಳಲಾರರು, ಫೋನ್ ನಂಬರನ್ನು ನೇರವಾಗಿ ಒತ್ತಿ ಕರೆ ಮಾಡಲಾರರು.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಯಾರು ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ಬೇಡ ಎನ್ನು. ಅದರ ಜೊತೆ ವೈರಸ್ ಬರಬಹುದು, ಉಚಿತವಾಗಿಯೇ ಇಷ್ಟೆಲ್ಲ ಸಿಗುವಾಗ ಕದಿಯುವ ದರ್ದೂ ಇಲ್ಲ. ಎಐಗೆ ಹೇಳಿದರೆ ಕ್ಷಣದಲ್ಲಿ ಪುಟ ಕಟ್ಟಿಕೊಡುತ್ತದೆ, ಬಳಸು. ಆದರೆ ಅದು ಕೊಟ್ಟ ಪ್ರತಿ ಸಾಲನ್ನೂ ಓದು. ಕಗ್ಗಲಡುವಿನ ಬಸ್ಸಿನ ಹೊತ್ತು ಅದಕ್ಕೆ ಗೊತ್ತಿಲ್ಲದಿದ್ದರೂ ಗೊತ್ತಿರುವ ಹಾಗೆ ಬರೆದುಬಿಡಬಹುದು. ನಂಬಿ ಬಂದವರು ರಸ್ತೆಯಲ್ಲಿ ನಿಲ್ಲುವಂತಾದರೆ ಆ ಹೊಣೆ ನಿನ್ನದೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಾಳೆ ಹೆದ್ದಾರಿ ಪಕ್ಕದ ಹೋಟೆಲಿನವರೋ, ಕಂಬಳಿ ನೇಯುವವರೋ, ಹುಣಸೆಹಣ್ಣಿನ ವ್ಯಾಪಾರಿಯೋ “ನಮಗೂ ಒಂದು ಮಾಡ್ಕೊಡಪ್ಪ” ಎನ್ನುತ್ತಾರೆ. ಮಾಡಿಕೊಡು, ಕೂಲಿಯನ್ನು ಮೊದಲೇ ಮಾತಾಡಿ ತೆಗೆದುಕೋ. ವೆಬ್‌ಸೈಟಿನ ವಿಳಾಸವಾದ ಡೊಮೇನ್ ಹೆಸರನ್ನು ಮಾತ್ರ ಅವರ ಹೆಸರಿನಲ್ಲೇ, ಅವರ ಫೋನ್ ಮತ್ತು ಇಮೇಲ್ ಕೊಟ್ಟೇ ನೋಂದಾಯಿಸು. ಡಾಟ್ ಇನ್ ತೆಗೆದುಕೊಳ್ಳಬಹುದು, ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಪಡೆಯುವ ದಾರಿಯೂ ಇದೆ. ಅದು ಒಮ್ಮೆ ಕೊಂಡರೆ ಮುಗಿಯುವ ಸ್ವತ್ತಲ್ಲ, ಅವಧಿ ಮುಗಿದಾಗ ಮತ್ತೆ ಹಣ ಕಟ್ಟಬೇಕು ಎಂದು ತಿಳಿಸಿ ಹೇಳು. ಮಾಡಿಕೊಟ್ಟವರು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು, ಊರು ಬಿಟ್ಟು ಹೋಗಿ, ಅಂಗಡಿಯವರು ತಮ್ಮ ಹೆಸರನ್ನೇ ಕಳೆದುಕೊಳ್ಳುವುದು ನಡೆಯುತ್ತಲೇ ಇರುತ್ತದೆ. ನಿನ್ನಿಂದ ಅಂಥದ್ದು ಆಗಬಾರದು. ಹಾಗೆಯೇ ಸಂಘದ ಹೆಣ್ಣುಮಕ್ಕಳ ಫೋಟೋ, ಫೋನ್ ನಂಬರು ಹಾಕುವ ಮೊದಲು ಅವರನ್ನೇ ಕೇಳು. ಸಂಘದ ಅಧ್ಯಕ್ಷರು ಒಪ್ಪಿದರೆ ಎಲ್ಲರೂ ಒಪ್ಪಿದಂತೆ ಆಗುವುದಿಲ್ಲ.

ಪುಟ ಮುಗಿದ ದಿನ ಎರಡು ಕೆಲಸ ಬಾಕಿ ಇರುತ್ತವೆ. ಬರಹ ಮತ್ತು ಚಿತ್ರಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಮಾಲೀಕರ ಕೈಗೆ ಕೊಡು, ಸಾಫ್ಟ್‌ವೇರ್ ಬದಲಾದರೂ ಬರಹ ಅವರಲ್ಲೇ ಇರಲಿ. ಇನ್ನೊಂದು, ಆ ಮನೆಯಲ್ಲೋ ಸಂಘದಲ್ಲೋ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ನಂಬರು, ಬೆಲೆ, ಬಸ್ಸಿನ ಹೊತ್ತು ಇಂಥವನ್ನು ತಿದ್ದುವುದು ಹೇಗೆಂದು ಕಲಿಸು. ಅವರು ನಿನ್ನ ಸಹಾಯವಿಲ್ಲದೆ ಒಂದು ಸಾಲು ತಿದ್ದಿ ಉಳಿಸಿದರೆ ನಿನ್ನ ಕೆಲಸ ಪೂರ್ತಿಯಾಯಿತು ಎಂದು ತಿಳಿ. ನೀನು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದರೂ ಊರಿನ ಪುಟವನ್ನು ನೋಡಿಕೊಳ್ಳುವವರು ಊರಿನಲ್ಲಿ ಇರುತ್ತಾರೆ. ಹೋಗಿ ಬರೆಯಲು ಕೂರು ಮಗೂ, ಒಳ್ಳೆಯದಾಗಲಿ.