ಚಂಡಮಾರುತದ ತರುವಾಯ ಮಾಡಿದ ಸಹಾಯವನ್ನು ಪರೀಕ್ಷಿಸುವ ವಿಷಯ

ಕಷ್ಟದಲ್ಲಿ ಬಿದ್ದವರಿಗೆ ಅಕ್ಕಿಯನ್ನೂ ಬಟ್ಟೆಯನ್ನೂ ಕಳುಹಿಸುವದು ಒಳ್ಳೇದೇ ಸರಿ. ಆದರೆ ಅದು ಯಾರ ಕೈಗೆ, ಯಾವಾಗ ಸೇರಿತೆಂದು ವಿಚಾರಿಸದೆ ತೃಪ್ತರಾಗುವವನು, ಬೀಜ ಬಿತ್ತಿ ಹೊಲದ ಕಡೆಗೆ ತಿರುಗಿ ನೋಡದ ಒಕ್ಕಲಿಗನಂತೆ ಇದ್ದಾನೆ. ಈ ಪರೀಕ್ಷೆಯನ್ನು ಮಾಡತಕ್ಕ ರೀತಿಯನ್ನು ಒಡಿಶಾ ಸೀಮೆಯ ಸಂಗತಿಯಿಂದ ಕಲಿಯೋಣ.

1999ನೇ ಇಸವಿ ಅಕ್ಟೋಬರ್ 29ರಂದು ಪಾರಾದೀಪ ಬಂದರದ ಬಳಿಯಲ್ಲಿ ಮಹಾ ಚಂಡಮಾರುತವು ದಡವನ್ನು ಹೊಡೆಯಿತು. ಗಾಳಿಯ ವೇಗವು ತಾಸಿಗೆ ಸುಮಾರು 260 ಕಿಲೋಮೀಟರು. ಸಮುದ್ರವು ಉಬ್ಬಿ ಎರಸಮಾ ಮೊದಲಾದ ತಗ್ಗುಪ್ರದೇಶದ ಹಳ್ಳಿಗಳ ಮೇಲೆ ನುಗ್ಗಿತು. ಸುಮಾರು 10,000 ಮಂದಿ ಸತ್ತರು. ಲಕ್ಷಾಂತರ ದನಕರುಗಳು ನಾಶವಾದವು. ದಾರಿಗಳು ಮುಚ್ಚಿಹೋಗಿ ತಂತಿಗಳು ಕಡಿದದ್ದರಿಂದ ಅನೇಕ ಹಳ್ಳಿಗಳಿಗೆ ಕೆಲವು ದಿವಸಗಳ ವರೆಗೆ ಸಹಾಯವು ಮುಟ್ಟಲಿಲ್ಲ.

ಇಂಥ ಸಹಾಯವನ್ನು ಅಳೆಯಲಿಕ್ಕೆ ನಾಲ್ಕು ಪ್ರಶ್ನೆಗಳುಂಟು.

1. ಸಮಯಕ್ಕೆ ಬಂತೋ? ಎರಡನೇ ದಿವಸದ ಕುಡಿಯುವ ನೀರು ಹತ್ತನೇ ದಿವಸದ ಅಕ್ಕಿಮೂಟೆಗಿಂತ ಹೆಚ್ಚಿನದು.

2. ಬೇಕಾದದ್ದೇ ಬಂತೋ? ಬಾವಿಯಲ್ಲಿ ಉಪ್ಪುನೀರು ತುಂಬಿರುವಾಗ ಹಳೇ ಬಟ್ಟೆಗಳ ರಾಶಿಯಿಂದೇನು? ನೊಂದವರನ್ನು ಕೇಳಿ ಕೊಡತಕ್ಕದ್ದು.

3. ಎಲ್ಲರಿಗೂ ಮುಟ್ಟಿತೋ? ಹೆದ್ದಾರಿಯ ಬದಿಯ ಊರಿಗೆ ನಾಲ್ಕು ಲಾರಿಗಳು ಬಂದು ಹೊಳೆಯಾಚೆಯ ಕೇರಿಗೆ ಒಂದೂ ಬಾರದೆ ಹೋಗಬಹುದು. ಪರೀಕ್ಷಿಸುವವನು ಮುಖ್ಯಸ್ಥರ ಜಗಲಿಯಲ್ಲಿ ಕೂತು ಪಟ್ಟಿಯನ್ನು ಓದಿದರೆ ಸಾಲದು. ಕಡೇ ಮನೆಯ ವರೆಗೆ ನಡೆದು ವಿಧವೆಯನ್ನೂ ಭೂಮಿಯಿಲ್ಲದ ಕೂಲಿಯವನನ್ನೂ ಪ್ರತ್ಯೇಕವಾಗಿ ಕೇಳಬೇಕು. ಪಟ್ಟಿಯಲ್ಲಿ ಇಲ್ಲದ ಹೆಸರೇ ಹೆಚ್ಚಿನ ಸತ್ಯವನ್ನು ಹೇಳುವದು.

4. ಮುಂದಕ್ಕೆ ಏನು ಉಳಿಯಿತು? 1999ರಲ್ಲಿ ಆ ಕರಾವಳಿಯಲ್ಲಿ ರೆಡ್ ಕ್ರಾಸ್ ಸಂಘದವರು ಕಟ್ಟಿಸಿದ್ದ ಆಶ್ರಯಗೃಹಗಳು 23 ಮಾತ್ರ. ಅವುಗಳೊಳಗೆ ಸೇರಿದ ಸಾವಿರಾರು ಜನರು ಬದುಕಿದರು. ಇದನ್ನು ಕಂಡು ಸರಕಾರವು ಆ ವರುಷವೇ ವಿಪತ್ತಿನ ಕೆಲಸಕ್ಕಾಗಿ ಒಂದು ಪ್ರತ್ಯೇಕ ಮಂಡಲಿಯನ್ನು ಸ್ಥಾಪಿಸಿತು. ಕಾಲಕ್ರಮದಲ್ಲಿ ಆಶ್ರಯಗೃಹಗಳು 800ಕ್ಕೆ ಮಿಕ್ಕಿದವು.

ಇದರ ಫಲವೇನು? 2013ರಲ್ಲಿ ಫೈಲಿನ್ ಎಂಬ ಚಂಡಮಾರುತವು ಬರುವ ಮೊದಲೇ ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದರು. ಸತ್ತವರು 50ಕ್ಕಿಂತ ಕಡಿಮೆ. 2019ರಲ್ಲಿ ಫೋನಿ ಬಂದಾಗ ಸುಮಾರು 12 ಲಕ್ಷ ಜನರನ್ನು ಸಾಗಿಸಿದರು. ಒಡಿಶಾದಲ್ಲಿ ಸತ್ತವರು 64 ಮಂದಿ. ಆದಾಗ್ಯೂ ಪುರಿಯ ಸುತ್ತಲಿನ ಕೆಲವು ಕಡೆಗಳಲ್ಲಿ ವಾರಗಳ ವರೆಗೆ ವಿದ್ಯುದ್ದೀಪವಿರಲಿಲ್ಲ. ಬಡವರ ಗುಡಿಸಲುಗಳು ಹಾರಿಹೋದವು. ಆದದರಿಂದ ಪ್ರಾಣ ಉಳಿಯಿತೆಂದು ಪರೀಕ್ಷೆಯನ್ನು ನಿಲ್ಲಿಸಕೂಡದು. ಉಳಿದ ಪ್ರಾಣವು ಯಾವ ಸೂರಿನ ಕೆಳಗೆ, ಯಾವ ಕಸುಬಿನಿಂದ ಬದುಕುತ್ತದೆಂದೂ ಕೇಳಬೇಕು.

ತಪ್ಪನ್ನು ಹುಡುಕುವದು ಕೊಟ್ಟವರನ್ನು ನಿಂದಿಸುವದಕ್ಕಲ್ಲ. 1999ರ ತಪ್ಪುಗಳನ್ನು ಮುಚ್ಚಿಟ್ಟಿದ್ದರೆ 2013ರಲ್ಲಿ ಎಷ್ಟು ಮನೆಗಳಲ್ಲಿ ಗೋಳಾಟವಾಗುತ್ತಿತ್ತು!

ಆಲೋಚನೆಗೆ ಪ್ರಶ್ನೆಗಳು: ನಮ್ಮೂರಲ್ಲಿ ನೆರೆ ಬಂದರೆ ಸಹಾಯವು ಕಡೆಗೆ ಮುಟ್ಟುವ ಮನೆ ಯಾವದು? ಆ ಮನೆಯವರನ್ನು ನಾವು ಈವರೆಗೆ ಏನಾದರೂ ಕೇಳಿದ್ದೇವೋ?