ನಗರೋದ್ಯಾನಗಳೂ ನಗರಸಭೆಯ ಹೊಣೆಯೂ

ನಗರಸಭೆಯು ಪೌರರಿಗೆ ಸಲ್ಲಿಸಬೇಕಾದ ಸೇವೆಗಳೆಂದರೆ ನೀರು, ಬೆಳಕು, ರಸ್ತೆ, ನೈರ್ಮಲ್ಯ ಇವು ಮೊದಲು ನೆನಪಿಗೆ ಬರುತ್ತವೆ. ಉದ್ಯಾನವು ಈ ಸಾಲಿನ ಕಡೆಯಲ್ಲಿ ನಿಲ್ಲುತ್ತದೆ. ನಲ್ಲಿಯ ನೀರು ಒಂದು ದಿನ ನಿಂತರೆ ಊರೆಲ್ಲ ಗದ್ದಲವೇಳುವುದು. ಉದ್ಯಾನದ ಗಿಡಗಳು ಬೇಸಗೆಯುದ್ದಕ್ಕೂ ಒಣಗಿದರೂ ಕೇಳುವವರು ವಿರಳ. ಹೀಗೇಕೆ ಎಂಬುದನ್ನು ಮಹಾರಾಷ್ಟ್ರದ ಎರಡು ನಗರಗಳ ನಿದರ್ಶನದಿಂದ ವಿಚಾರ ಮಾಡೋಣ.

ನಾಸಿಕಕ್ಕೂ ಛತ್ರಪತಿ ಸಂಭಾಜಿನಗರಕ್ಕೂ ಉದ್ಯಾನವು ಹೊಸತಲ್ಲ. ಮೊಗಲರ ಕಾಲದಲ್ಲಿ ನಾಸಿಕಕ್ಕೆ ಗುಲ್ಶನಾಬಾದ್, ಎಂದರೆ ಹೂದೋಟಗಳ ಊರು, ಎಂಬ ಹೆಸರಿತ್ತು. ಸಂಭಾಜಿನಗರವು 1610ರಲ್ಲಿ ಮಲಿಕ್ ಅಂಬರನು ಖಡಕಿ ಎಂಬ ಹೆಸರಿನಿಂದ ಕಟ್ಟಿಸಿದ ಊರು. ಮುಂದೆ ಔರಂಗಾಬಾದೆನಿಸಿ, 2023ರಲ್ಲಿ ಈಗಿನ ಹೆಸರನ್ನು ಪಡೆಯಿತು. ಮಳೆ ಕಡಮೆಯಾದ ಆ ಸೀಮೆಯಲ್ಲಿ ಅಂಬರನು ಗುಡ್ಡಗಳ ಒಸರುನೀರನ್ನು ನೆಲದೊಳಗಿನ ಕಾಲುವೆಗಳಿಂದ ಊರಿಗೆ ತಂದನು. ದೆಹಲಿ ದರವಾಜೆಯ ಸಮೀಪದ ಹಿಮಾಯತ್ ಬಾಗ್ ಮೊಗಲರ ಕಾಲದ ತೋಟ. ಉದ್ಯಾನಕ್ಕೆ ಮೊದಲು ಬೇಕಾದುದು ನೀರು, ಅನಂತರ ಅದನ್ನು ದಿನವೂ ನೋಡಿಕೊಳ್ಳುವ ಕೈ. ಈ ಎರಡರಲ್ಲಿ ಒಂದು ತಪ್ಪಿದರೂ ಉದ್ಯಾನ ಉಳಿಯದು.

ಈ ಎರಡು ನಗರಗಳಲ್ಲಿಯೂ ಮಹಾನಗರಪಾಲಿಕೆ ಸ್ಥಾಪನೆಯಾದುದು 1982ರಲ್ಲಿ. ಭಾರತೀಯ ಚಲಚ್ಚಿತ್ರದ ಜನಕನೆನಿಸಿದ, 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಿತ್ರವನ್ನು ತೆರೆಗೆ ತಂದ ದಾದಾಸಾಹೇಬ ಫಾಲ್ಕೆಯವರು ಹುಟ್ಟಿದ್ದು ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ. ಅವರ ನೆನಪಿಗಾಗಿ ನಾಸಿಕದ ಪಾಲಿಕೆಯು ಪಾಂಡವಲೇಣಿ ಬೆಟ್ಟದ ಬುಡದಲ್ಲಿ ವಿಶಾಲವಾದ ಸ್ಮಾರಕೋದ್ಯಾನವನ್ನು ರಚಿಸಿತು. ಮೊದಮೊದಲು ಜನಸಂದಣಿ ತುಂಬಿರುತ್ತಿದ್ದ ಅಲ್ಲಿ ಕ್ರಮೇಣ ಸಂಗೀತ ಕಾರಂಜಿ ನಿಂತಿತು, ಕಟ್ಟಡಗಳು ಜೀರ್ಣವಾದವು, ಸಂದರ್ಶಕರು ಕಡಮೆಯಾದರು. ಖಾಸಗಿಯವರಿಗೆ ವಹಿಸಬೇಕೆಂಬ ಆಲೋಚನೆಗಳೂ ಹುಟ್ಟಿದವು. ಸಂಭಾಜಿನಗರದ ಸಿದ್ಧಾರ್ಥ ಉದ್ಯಾನದಲ್ಲಿ ಪಾಲಿಕೆಯ ಮೃಗಾಲಯವೂ ಇದೆ. ಅಲ್ಲಿ ಪ್ರಾಣಿಗಳಿಗೆ ಸ್ಥಳ ಸಾಲದೆಂದು ಕೇಂದ್ರ ಮೃಗಾಲಯ ಪ್ರಾಧಿಕಾರವು ಆಕ್ಷೇಪಿಸಿದ ಮೇಲೆ ಮಿಟಮಿಟಾದಲ್ಲಿ ಹೊಸ ಸಫಾರಿ ಉದ್ಯಾನದ ಯೋಜನೆ ರೂಪುಗೊಂಡಿತು.

ಇಂಥ ಔದಾಸೀನ್ಯದ ಮೂಲ ಎಲ್ಲಿದೆ? ಅಧಿಕಾರಿಗಳನ್ನು ದೂರುವ ಮೊದಲು ಶಾಸನವನ್ನು ನೋಡಬೇಕು. ಮಹಾರಾಷ್ಟ್ರದ ಮಹಾನಗರಪಾಲಿಕೆಗಳ 1949ರ ಅಧಿನಿಯಮವು ಪಾಲಿಕೆಯ ಕರ್ತವ್ಯಗಳನ್ನು ಎರಡಾಗಿ ವಿಂಗಡಿಸಿದೆ. ಮಾಡಲೇಬೇಕಾದುವು ಒಂದು ಬಗೆ. ಇಷ್ಟವಿದ್ದರೆ ಮಾಡಬಹುದಾದುವು ಇನ್ನೊಂದು ಬಗೆ. ಚರಂಡಿಯೂ ಕಸವೂ ಮೊದಲನೆಯ ಪಟ್ಟಿಯಲ್ಲಿವೆ. ಉದ್ಯಾನ, ಆಟದ ಬಯಲು ಎರಡನೆಯದರಲ್ಲಿ. 1980ರಲ್ಲಿ ರತ್ಲಾಮ್ ಪಟ್ಟಣದ ಚರಂಡಿಯ ಮೊಕದ್ದಮೆಯಲ್ಲಿ, ಹಣವಿಲ್ಲವೆಂಬ ನೆವ ಹೇಳಿ ನಗರಸಭೆಯು ಕರ್ತವ್ಯದಿಂದ ಜಾರಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೆ ಎರಡನೆಯ ಪಟ್ಟಿಯಲ್ಲಿರುವ ಉದ್ಯಾನಕ್ಕೆ ಈ ರಕ್ಷೆ ಅಷ್ಟು ಗಟ್ಟಿಯಾಗಿ ಒದಗದು. ಆಯವ್ಯಯದಲ್ಲಿ ಕತ್ತರಿ ಹಾಕುವಾಗ ಮೊದಲು ಅದರ ಮೇಲೆಯೇ ಕೈಯಿಡುವುದು ಸುಲಭ. ರಾಜ್ಯಾಂಗದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನಗಳೂ ಆಟದ ಬಯಲುಗಳೂ ನಗರಸಭೆಗಳ ವಿಷಯಗಳಾಗಿ ಸೇರಿದವು. ಆದರೂ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ತೋಟಕ್ಕೆ ಮಾಲಿ ಬರುವುದಿಲ್ಲ.

ಇನ್ನೊಂದು ಕಾರಣವೂ ಉಂಟು. ಹೊಸ ಉದ್ಯಾನವನ್ನು ತೆರೆಯುವಾಗ ಸಮಾರಂಭವಿದೆ, ಶಿಲಾಫಲಕವಿದೆ. ಹಳೆಯ ಉದ್ಯಾನದ ಕೊಳಾಯಿಯನ್ನು ದುರಸ್ತಿ ಮಾಡುವುದಕ್ಕೆ ಇವೊಂದೂ ಇಲ್ಲ. ಕಟ್ಟುವ ವೆಚ್ಚ ಒಂದು ಸಲದ್ದು, ಕಾಪಾಡುವ ವೆಚ್ಚ ಪ್ರತಿವರ್ಷದ್ದು. ಎರಡನೆಯದನ್ನು ಎಣಿಸದೆ ಮೊದಲನೆಯದಕ್ಕೆ ಕೈಹಾಕಿದರೆ ಫಲ ಹಾಳುತೋಟವೇ ಸರಿ.

ಹಾಳಾದ ಉದ್ಯಾನದಿಂದ ಆಗುವ ನಷ್ಟ ಹೂವಿನದು ಮಾತ್ರವಲ್ಲ. ಪಾಳುಬಿದ್ದ ನೆಲದ ಮೇಲೆ ಹಲವರ ಕಣ್ಣು ಬೀಳುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನೆಲವನ್ನು ಖಾಸಗಿ ಆಸ್ಪತ್ರೆಗಾಗಿ ಒಂದು ಟ್ರಸ್ಟಿಗೆ ಮಂಜೂರು ಮಾಡಲಾಗಿತ್ತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟು ಮಂಜೂರಾತಿಯನ್ನು ರದ್ದುಗೊಳಿಸಿತು. 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಸ್ಪತ್ರೆಯೂ ಲೋಕೋಪಕಾರವೇ ಎಂಬ ವಾದ ನಿಲ್ಲಲಿಲ್ಲ. ಉದ್ಯಾನವು ಸರಕಾರದ ಕೃಪೆಯಲ್ಲ, ಪೌರರ ಸ್ವತ್ತು. ಅದಕ್ಕಾಗಿ ಪ್ರಶ್ನಿಸುವ ಅಧಿಕಾರ ನೆರೆಹೊರೆಯವರಿಗುಂಟು ಎಂಬ ಪಾಠವನ್ನು ಈ ತೀರ್ಪಿನಿಂದ ನಾವು ಕಲಿಯಬೇಕು.

ಮಹಾರಾಷ್ಟ್ರದಲ್ಲಿ 1975ರ ವೃಕ್ಷಸಂರಕ್ಷಣಾ ಶಾಸನದಂತೆ ನಗರಗಳಲ್ಲಿ ವೃಕ್ಷ ಪ್ರಾಧಿಕಾರವಿರಬೇಕು. ಐದು ವರ್ಷಗಳಿಗೊಮ್ಮೆ ಮರಗಳ ಗಣತಿ ನಡೆಯಬೇಕು. ಗಣತಿ ಪ್ರಾಧಿಕಾರದ ಕೆಲಸವಾದರೂ ನಮ್ಮ ಬೀದಿಯ ಮರಗಳನ್ನು ಎಣಿಸಿ ಬರೆದಿಡಲು ನಮಗೆ ಯಾರ ಅಪ್ಪಣೆಯೂ ಬೇಡ. ಯಾವ ಉದ್ಯಾನದಲ್ಲಿ ನೀರಿಲ್ಲ, ಎಲ್ಲಿ ಬೇಲಿ ಮುರಿದಿದೆ, ದೀಪ ಎಷ್ಟು ದಿನದಿಂದ ಉರಿದಿಲ್ಲ ಎಂಬುದನ್ನು ದಿನಾಂಕಸಹಿತ ಬರೆದು ಪಾಲಿಕೆಗೆ ಅರ್ಜಿ ಕೊಡಬಹುದು. ಬರಿಯ ಗೊಣಗಾಟವನ್ನು ಅಧಿಕಾರಿಯು ಮರೆಯಬಹುದು. ಲಿಖಿತವಾದ ಅರ್ಜಿಗೆ ಉತ್ತರ ಕೊಡಬೇಕಾಗುತ್ತದೆ. ಜೊತೆಗೆ ಹೂ ಕೀಳದಿರುವುದು, ಕಾಗದ ಚೆಲ್ಲದಿರುವುದು, ಬೆಂಚಿನ ಮೇಲೆ ಹೆಸರು ಕೆತ್ತದಿರುವುದು ನಮ್ಮ ಕೈಯಲ್ಲಿಯೇ ಇವೆ. ನಗರಸಭೆ ತನ್ನ ಹೊಣೆಯನ್ನು ಹೊರಲೆಂದು ಕೇಳುವ ಪೌರನು ತನ್ನ ಪಾಲಿನ ಹೊಣೆಯನ್ನೂ ಹೊತ್ತಿರಬೇಕು. ಆಗ ಅವನ ಮಾತಿಗೆ ಬೆಲೆ ಬರುತ್ತದೆ.