ಹಳೆಯ ಸ್ಪೋರ್ಟ್ಸ್ ಕಾರಿನ ಪುನರುದ್ಧಾರ: ಮನೆಯಲ್ಲಿಯೇ ಕೈಗೊಳ್ಳುವವರಿಗೊಂದು ಪಾಠ

ಹಿಂದಿನ ತಲೆಮಾರಿನವರು ಅಭಿಮಾನದಿಂದ ಕೊಂಡು ಓಡಿಸಿದ ಕಾರು ಗೋದಾಮಿನ ಮೂಲೆ ಸೇರಿ, ಧೂಳು ತಿಂದು, ಕೊನೆಗೊಂದು ದಿನ ಗುಜರಿಯವರ ತಕ್ಕಡಿ ಏರುವುದು ವ್ಯಾಪಾರಸ್ಥ ಮನೆತನಗಳಿಗೆ ಹೊಸ ಸಂಗತಿಯೇನಲ್ಲ. ತೂಕದ ಲೆಕ್ಕದಲ್ಲಿ ಮಾರಿದರೆ ಅದು ಬರಿಯ ಕಬ್ಬಿಣ. ಅದೇ ಕಾರು ಮೂಲ ರೂಪದಲ್ಲಿ ದುರಸ್ತಿಗೊಂಡು, ಕಾಗದಪತ್ರಗಳೊಡನೆ ನಿಂತರೆ ಅದೊಂದು ಆಸ್ತಿ. ಇವೆರಡರ ನಡುವಿನ ಅಂತರವನ್ನು ದಾಟಲು ಹೊರಟ ಅನೇಕರು ಅರ್ಧ ದಾರಿಯಲ್ಲಿ ಕೈಬಿಡುವುದಕ್ಕೆ ಕೌಶಲದ ಕೊರತೆಗಿಂತ ಕ್ರಮದ ಕೊರತೆಯೇ ಹೆಚ್ಚಿನ ಕಾರಣ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮನೆಯಲ್ಲಿ ಮಾಡಬಹುದು, ಯಾವುದನ್ನು ಎಂದಿಗೂ ಬದಲಿಸಬಾರದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಪಾಠಕ್ಕೆ ಆಯ್ದ ಕಾರು

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಆಮದು ನಿರ್ಬಂಧಗಳಿದ್ದುದರಿಂದ ನಮ್ಮ ದೇಶದಲ್ಲಿ ಎರಡು ಆಸನಗಳ ಸ್ಪೋರ್ಟ್ಸ್ ಕಾರುಗಳು ವಿರಳವಾಗಿದ್ದವು. ಆದರೆ ಅಂತಹ ಒಂದು ಕಾರಿನ ಹತ್ತಿರದ ಸಂಬಂಧಿ ಭಾರತದಲ್ಲಿಯೇ ತಯಾರಾಗುತ್ತಿತ್ತು. ಇಟಲಿಯ ವಿನ್ಯಾಸಕಾರ ಜಿಯೊವಾನಿ ಮಿಕೆಲೊಟ್ಟಿ ರೂಪಿಸಿದ ಟ್ರಯಂಫ್ ಹೆರಾಲ್ಡ್ ಕಾರು 1959ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾಯಿತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯು ಅದನ್ನು ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಹೆಸರಿನಲ್ಲಿ ಹೊರತಂದಿತು. ಇದೇ ಹೆರಾಲ್ಡ್‌ನ ಚಾಸಿಯನ್ನು ಆಧರಿಸಿ 1962ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಸ್ಪೋರ್ಟ್ಸ್ ಕಾರೇ ಟ್ರಯಂಫ್ ಸ್ಪಿಟ್‌ಫೈರ್. ಇದರ ತಯಾರಿಕೆ 1980ರವರೆಗೆ ನಡೆಯಿತು.

ಈ ಎರಡು ಕಾರುಗಳ ಎಂಜಿನ್ ಒಂದೇ ವಂಶದ್ದು. ಮೊದಲ ಹೆರಾಲ್ಡ್‌ನಲ್ಲಿ 948 ಸಿ.ಸಿ., ಮೊದಲ ಸ್ಪಿಟ್‌ಫೈರ್‌ನಲ್ಲಿ 1147 ಸಿ.ಸಿ. ಸಾಮರ್ಥ್ಯ. ಮುಂಗಾಲಿಗಳ ತೂಗುವ್ಯವಸ್ಥೆಯೂ ಒಂದೇ ಬಗೆಯದು. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗುವುದರಿಂದ ಎಂಜಿನ್ನಿನ ಸುತ್ತ ಕುಳಿತು ಕೆಲಸ ಮಾಡಬಹುದು. ಬಾಡಿಯು ಚಾಸಿಯ ಮೇಲೆ ಬೋಲ್ಟುಗಳಿಂದ ಕುಳಿತಿದೆ. ಮನೆಯಲ್ಲಿ ದುರಸ್ತಿ ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ರಚನೆ ಅಪರೂಪ. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ಮೊದಲು ಕಾಗದ, ಆಮೇಲೆ ಪಾನಾ

ಒಂದು ನಟ್ಟನ್ನೂ ಬಿಚ್ಚುವ ಮೊದಲು ನೋಂದಣಿ ಪತ್ರ, ವಿಮೆ, ಮಾಲೀಕತ್ವದ ವರ್ಗಾವಣೆ ಇವುಗಳನ್ನು ಪರಿಶೀಲಿಸತಕ್ಕದ್ದು. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ಕಾರಿನ ಮೇಲಿನ ಸಂಖ್ಯೆಗಳಿಗೆ ಹೊಂದುತ್ತವೆಯೇ ಎಂದು ನೋಡಿ, ಅವುಗಳ ಛಾಯಾಚಿತ್ರ ತೆಗೆದಿಡಬೇಕು. ಕಾರು ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಉಳಿದಿದ್ದರೆ ವಾರಸುದಾರರ ಒಪ್ಪಿಗೆ ಪಡೆದು ಹೆಸರು ಬದಲಾಯಿಸಿಕೊಳ್ಳುವುದು ಮೊದಲ ಕೆಲಸ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈ ತಿಂಗಳಿನಲ್ಲಿ ತಂದ ತಿದ್ದುಪಡಿಯು ಪಾರಂಪರಿಕ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನು ಕಲ್ಪಿಸಿತು. ಅದರ ಮುಖ್ಯಾಂಶಗಳು ಹೀಗಿವೆ:

1. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ.

2. ವಾಹನವು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

3. ಈ ಮೊದಲೇ ನೋಂದಣಿಯಾದ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ರಾಜ್ಯದ ಸಂಕೇತದ ಮುಂದೆ ‘ವಿ.ಎ.’ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ.

4. ತಿದ್ದುಪಡಿಯಲ್ಲಿ ನಿಗದಿಯಾದಂತೆ ಹೊಸ ನೋಂದಣಿಗೆ ರೂ. 20,000 ಹಾಗೂ ಮರುನೋಂದಣಿಗೆ ರೂ. 5,000 ಶುಲ್ಕ. ನೋಂದಣಿಯ ಅವಧಿ 10 ವರ್ಷ.

5. ಇಂತಹ ವಾಹನವನ್ನು ದಿನನಿತ್ಯದ ಸಂಚಾರಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ನಿರ್ವಹಣೆ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು.

ಇವುಗಳಲ್ಲಿ ಎರಡನೆಯ ಅಂಶ ಅತಿ ಮಹತ್ವದ್ದು. ಪೆಟ್ರೋಲ್ ಎಂಜಿನ್ ಕೆಟ್ಟಿತೆಂದು ಬೇರೊಂದು ಕಾರಿನ ಡೀಸೆಲ್ ಎಂಜಿನ್ ಕೂರಿಸಿ ಓಡಿಸುವುದು ನಮ್ಮ ಭಾಗದಲ್ಲಿ ಹಳೆಯ ರೂಢಿ. ಆ ಕಾಲಕ್ಕೆ ಅದು ಉಳಿತಾಯವೆನಿಸಿದ್ದಿರಬಹುದು. ಇಂದು ಹಾಗೆ ಮಾಡಿದರೆ ಕಾರಿನ ಪಾರಂಪರಿಕ ಮಾನ್ಯತೆಯೂ ಮೌಲ್ಯವೂ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಮೂಲ ಎಂಜಿನ್ ಎಷ್ಟೇ ಹಾಳಾಗಿದ್ದರೂ ಅದನ್ನು ಗುಜರಿಗೆ ಹಾಕಬಾರದು.

ಖರ್ಚು ಮತ್ತು ಕಾಲದ ಲೆಕ್ಕ

ವ್ಯಾಪಾರಕ್ಕೆ ಖಾತೆ-ಕಿರ್ದಿ ಇರುವಂತೆ ಈ ಕೆಲಸಕ್ಕೂ ಪ್ರತ್ಯೇಕ ಪುಸ್ತಕ ಇರಬೇಕು. ಪ್ರತಿ ಭಾಗದ ಎದುರು ದುರಸ್ತಿ, ಹೊಸದಾಗಿ ಮಾಡಿಸುವುದು, ಹೊರಗಿನಿಂದ ತರಿಸುವುದು ಎಂಬ ಮೂರು ಅಂಕಣಗಳನ್ನು ಹಾಕಿ ಅಂದಾಜು ಬರೆಯುವುದು ಉತ್ತಮ. ಈ ಕಾರುಗಳ ಬಿಡಿಭಾಗಗಳು ಬ್ರಿಟನ್ನಿನಲ್ಲಿ ಇಂದಿಗೂ ದೊರೆಯುತ್ತವೆ. ಆದರೆ ತರಿಸುವಾಗ ಸಾಗಣೆ ವೆಚ್ಚ ಹಾಗೂ ಆಮದು ಸುಂಕಗಳನ್ನು ಬೆಲೆಗೆ ಕೂಡಿಸಿಯೇ ನಿರ್ಧರಿಸಬೇಕು. ವ್ಯಾಪಾರಕ್ಕಾಗಿ ತರಿಸುವವರು ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಪಡೆದಿರಬೇಕು.

ಕಾಲದ ಲೆಕ್ಕವೂ ಅಷ್ಟೇ ಮುಖ್ಯ. ವಾರಕ್ಕೆ 8 ಗಂಟೆ ದುಡಿದರೆ ವರ್ಷಕ್ಕೆ 416 ಗಂಟೆ. ಕೆಲಸಕ್ಕೆ 1,000 ಗಂಟೆ ಬೇಕೆಂದು ಭಾವಿಸಿದರೆ ಎರಡೂವರೆ ವರ್ಷದ ಸಾಧನೆಯಾಯಿತು. ಇದನ್ನು ಮೊದಲೇ ಒಪ್ಪಿಕೊಂಡವರು ಕೆಲಸವನ್ನು ಮುಗಿಸುತ್ತಾರೆ. ಬರುವ ದೀಪಾವಳಿಯ ಪೂಜೆಗೆ ಕಾರು ಸಿದ್ಧವಾಗಲೇಬೇಕೆಂದು ಹೊರಟವರು ಬಿಚ್ಚಿದ ಭಾಗಗಳ ರಾಶಿಯನ್ನು ಮಾರುವ ಪರಿಸ್ಥಿತಿಗೆ ಬರುತ್ತಾರೆ.

ಬಿಚ್ಚುವ ಕ್ರಮ

ನಮ್ಮ ಎರೆಭೂಮಿಯ ಅಂಗಳದಲ್ಲಿ ಜಾಕ್ ನೆಚ್ಚಿ ಕಾರಿನ ಕೆಳಗೆ ಹೋಗುವುದು ಪ್ರಾಣಾಪಾಯಕರ. ಎರೆಮಣ್ಣು ಒಣಗಿದಾಗ ಬಿರಿಯುತ್ತದೆ, ನೆನೆದಾಗ ಕುಸಿಯುತ್ತದೆ. ಕಾಂಕ್ರೀಟ್ ನೆಲದ ಮೇಲೆ, ನಾಲ್ಕು ಗಟ್ಟಿ ಸ್ಟ್ಯಾಂಡುಗಳನ್ನಿರಿಸಿಯೇ ಕೆಲಸ ಆರಂಭಿಸಬೇಕು. ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಕೂಡದು.

ಹಳೆಯ ದೇವಾಲಯದ ಜೀರ್ಣೋದ್ಧಾರದಲ್ಲಿ ಕಲ್ಲು ಇಳಿಸುವ ಮೊದಲು ಒಂದೊಂದಕ್ಕೂ ಸಂಖ್ಯೆ ಬರೆಯುತ್ತಾರೆ. ಇಲ್ಲಿಯೂ ಅದೇ ವಿಧಾನ. ಬಿಚ್ಚುವ ಮುನ್ನ ಛಾಯಾಚಿತ್ರ, ಬಿಚ್ಚಿದ ಕೂಡಲೇ ಚೀಟಿ, ನಂತರ ಪ್ರತ್ಯೇಕ ಚೀಲ. ಹಾಳಾದ ಭಾಗವನ್ನೂ ಎಸೆಯಬಾರದು, ಹೊಸದನ್ನು ಮಾಡಿಸಲು ಅದೇ ಮಾದರಿ.

ಹೆರಾಲ್ಡ್ ಮತ್ತು ಸ್ಪಿಟ್‌ಫೈರ್‌ಗಳ ನಡುವಿನ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಸ್ಪಿಟ್‌ಫೈರ್‌ನಲ್ಲಿ ಬಾಗಿಲುಗಳ ಕೆಳಗಿನ ಪಟ್ಟಿಗಳು ಬಾಡಿಯ ಭಾರವನ್ನು ಹೊರುತ್ತವೆ. ತುಕ್ಕು ಹಿಡಿದ ಆ ಪಟ್ಟಿಗಳನ್ನು ಹಾಗೆಯೇ ಕತ್ತರಿಸಿದರೆ ಬಾಡಿ ನಡುವೆ ಜಗ್ಗಿ, ಆಮೇಲೆ ಬಾಗಿಲುಗಳು ಮುಚ್ಚುವುದೇ ಇಲ್ಲ. ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿಗಳನ್ನು ವೆಲ್ಡ್ ಮಾಡಿ ಬಿಗಿಗೊಳಿಸಿದ ನಂತರವೇ, ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಕೈಹಾಕಬೇಕು.

ಗದಗ ಸೀಮೆಯ ಒಣ ಹವೆ ಉಕ್ಕಿಗೆ ಅನುಕೂಲಕರವೇ. ಆದರೂ ಚಾಸಿಯ ಸಂದುಗಳಲ್ಲಿ ಕುಳಿತ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಮಣ್ಣು ತೊಳೆದು, ಮೊನಚಾದ ಉಳಿಯಿಂದ ಕುಟ್ಟಿ ನೋಡಿದಾಗ ಮಾತ್ರ ಗಟ್ಟಿ ಉಕ್ಕು ಎಲ್ಲಿದೆ, ಬಣ್ಣದ ಪದರ ಮಾತ್ರ ಎಲ್ಲಿ ಉಳಿದಿದೆ ಎಂಬುದು ತಿಳಿಯುತ್ತದೆ. ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಹೊಡೆಯುವುದು ದುರಸ್ತಿಯಲ್ಲ, ವಂಚನೆ.

ನಟ್-ಬೋಲ್ಟುಗಳ ಅಳತೆ

ಈ ಕಾರುಗಳ ನಟ್-ಬೋಲ್ಟುಗಳು ಅಂಗುಲದ ಅಳತೆಯವು. ಅರ್ಧ ಅಂಗುಲವೆಂದರೆ 12.7 ಮಿ.ಮೀ. ಅದಕ್ಕೆ 13 ಮಿ.ಮೀ. ಪಾನಾ ಹಾಕಿದರೆ ಜಾರಿ, ನಟ್ಟಿನ ಮೂಲೆಗಳು ಸವೆಯುತ್ತವೆ. ಇನ್ನೂ ದೊಡ್ಡ ಅಪಾಯವಿರುವುದು ಎಳೆಗಳಲ್ಲಿ. 5/16 ಅಂಗುಲದ ಯು.ಎನ್.ಎಫ್. ಬೋಲ್ಟಿನ ವ್ಯಾಸ 7.94 ಮಿ.ಮೀ., ಅಂಗುಲಕ್ಕೆ 24 ಎಳೆ. 8 ಮಿ.ಮೀ. ಮೆಟ್ರಿಕ್ ಬೋಲ್ಟ್ ನೋಡಲು ಅದರಂತೆಯೇ ಇದ್ದರೂ ಅಂಗುಲಕ್ಕೆ ಸುಮಾರು 20 ಎಳೆ ಮಾತ್ರ. ಬಲವಂತವಾಗಿ ಸೇರಿಸಿದರೆ ಎಳೆ ಕಿತ್ತುಹೋಗುತ್ತದೆ. ಲೇತ್‌ನವರಿಗೆ ಕೆಲಸ ಕೊಡುವಾಗ ಎಳೆಯ ಅಳತೆಯನ್ನು ಬರೆದುಕೊಡುವುದು ಕಡ್ಡಾಯ.

ಎಂಜಿನ್

ಬಹುಕಾಲ ನಿಂತ ಎಂಜಿನ್ನನ್ನು ತಳ್ಳಿ ಚಾಲೂ ಮಾಡುವ ಆತುರ ಬೇಡ. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಕಾಯ್ದು, ಕೈಯಿಂದ ನಿಧಾನವಾಗಿ ತಿರುಗಿಸಬೇಕು. ನಂತರ ಹಳೆಯ ಆಯಿಲ್ ತೆಗೆದು ಹೊಸದನ್ನು ತುಂಬಿ ಕಂಪ್ರೆಶನ್ ಪರೀಕ್ಷಿಸಬೇಕು. ಬಿಚ್ಚಿದಾಗ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಪ್ರತಿಯೊಂದು ಕಡೆ ಎರಡು ದಿಕ್ಕಿನಲ್ಲಿ ಅಳೆದರೆ ಸವೆತ ತಿಳಿಯುತ್ತದೆ. ಬೋರಿಂಗ್ ಬೇಕೋ, ರಿಂಗು ಸಾಕೋ ಎಂಬುದನ್ನು ಈ ಅಳತೆಯೇ ನಿರ್ಧರಿಸಬೇಕು.

ಈ ಎಂಜಿನ್ನಿಗೆ ಪ್ರಸಿದ್ಧವಾದ ಒಂದು ದೌರ್ಬಲ್ಯವಿದೆ. ಕ್ರ್ಯಾಂಕ್‌ಶಾಫ್ಟ್ ಹಿಂದೆಮುಂದೆ ಸರಿಯದಂತೆ ಹಿಂಬದಿಯ ಬೇರಿಂಗಿನಲ್ಲಿ ಅರ್ಧಚಂದ್ರಾಕಾರದ ಥ್ರಸ್ಟ್ ವಾಷರುಗಳಿವೆ. ಅವು ಸವೆದು ಕೆಳಗೆ ಉದುರಿದರೆ ಶಾಫ್ಟು ಬ್ಲಾಕನ್ನೇ ಉಜ್ಜಿ ಹಾಳುಮಾಡುತ್ತದೆ. ಎಂಜಿನ್ ನಿಂತಿರುವಾಗ ಒಬ್ಬರು ಕ್ಲಚ್ ಒತ್ತುತ್ತಿದ್ದಂತೆ ಇನ್ನೊಬ್ಬರು ಮುಂಭಾಗದ ಪುಲ್ಲಿಯನ್ನು ಗಮನಿಸಬೇಕು. ಕಣ್ಣಿಗೆ ಕಾಣುವಷ್ಟು ಅದು ಮುಂದಕ್ಕೆ ಬಂದರೆ ಎಂಜಿನ್ನನ್ನು ಚಾಲೂ ಮಾಡಬಾರದು. ಕೆಲವೇ ನಿಮಿಷಗಳ ಈ ಪರೀಕ್ಷೆ ಒಂದು ಮೂಲ ಎಂಜಿನ್ನನ್ನು ಉಳಿಸಬಲ್ಲದು.

ಜೀವಕ್ಕೆ ಸಂಬಂಧಿಸಿದ ಭಾಗಗಳು

ಹೆರಾಲ್ಡ್ ಮತ್ತು ಸ್ಪಿಟ್‌ಫೈರ್‌ಗಳ ಮುಂಗಾಲಿಯ ಕೆಳಗೆ ಟ್ರನಿಯನ್ ಎಂಬ ಭಾಗವಿದೆ. ಉಕ್ಕಿನ ಕಂಬದ ಎಳೆಯುಳ್ಳ ತುದಿ ಅದರೊಳಗೆ ತಿರುಗುತ್ತದೆ. ಇದಕ್ಕೆ ಗ್ರೀಸ್ ಅಲ್ಲ, ತಯಾರಕರು ಸೂಚಿಸಿದ 90 ನಂಬರಿನ ಗಿಯರ್ ಆಯಿಲ್ ಹಾಕಬೇಕು. ನಿಪ್ಪಲ್ ಕಂಡಲ್ಲೆಲ್ಲ ಗ್ರೀಸ್ ತುಂಬುವ ಗ್ಯಾರೇಜಿನ ಅಭ್ಯಾಸ ಇಲ್ಲಿ ಮುಳುವಾಗುತ್ತದೆ. ಒಣಗಿದ ಎಳೆಗಳಲ್ಲಿ ತುಕ್ಕು ಹಿಡಿದು ಕಂಬ ಮುರಿದರೆ ಚಕ್ರವೇ ಕುಸಿದು ಬೀಳುತ್ತದೆ. ಎಡ ಮತ್ತು ಬಲದ ಟ್ರನಿಯನ್‌ಗಳ ಎಳೆ ವಿರುದ್ಧ ದಿಕ್ಕಿನವಾದ್ದರಿಂದ ಅದಲುಬದಲು ಮಾಡಬಾರದು.

ಬ್ರೇಕಿನ ರಬ್ಬರ್ ಕಪ್ಪುಗಳು, ಹೋಸುಗಳು ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಬದಲಿಸಬೇಕು. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಧೂಳನ್ನು ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ವೆಲ್ಡಿಂಗಿಗೆ ಮುನ್ನ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರವಿಡಬೇಕು. ಖಾಲಿ ಟ್ಯಾಂಕಿನ ಆವಿ ಪೆಟ್ರೋಲಿಗಿಂತ ಅಪಾಯಕಾರಿ.

ವಿದ್ಯುತ್ ವ್ಯವಸ್ಥೆಯಲ್ಲಿಯೂ ಎಚ್ಚರ ಬೇಕು. 1960ರ ದಶಕದ ಮಧ್ಯಭಾಗದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಬಾಡಿಗೆ ಜೋಡಿಸಲಾಗುತ್ತಿತ್ತು. ಇದನ್ನು ತಿಳಿಯದೆ ಇಂದಿನ ರೀತಿಯಲ್ಲಿ ಬ್ಯಾಟರಿ ಜೋಡಿಸುವುದು ತಪ್ಪು. ಕಂದು ತಂತಿ ಬ್ಯಾಟರಿಯ ನೇರ ಪ್ರವಾಹ, ಬಿಳಿ ಇಗ್ನಿಷನ್, ಕಪ್ಪು ಅರ್ಥಿಂಗ್ ಎಂಬ ಬಣ್ಣದ ಕ್ರಮವನ್ನು ಹೊಸ ತಂತಿಯಲ್ಲಿಯೂ ಉಳಿಸಿದರೆ ಮುಂದೆ ದೋಷ ಹುಡುಕುವುದು ಸುಲಭ.

ಇಂದಿನ ಪೆಟ್ರೋಲ್, ಅಂದಿನ ಎಂಜಿನ್

ದೇಶದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿತು. ಹಳೆಯ ಎಂಜಿನ್ನುಗಳಲ್ಲಿ ವಾಲ್ವ್ ಸೀಟುಗಳನ್ನು ಆ ಸೀಸವೇ ಸವೆತದಿಂದ ಕಾಯುತ್ತಿತ್ತು. ಹೆಡ್ ಬಿಚ್ಚಿದಾಗಲೇ ಗಡಸು ಉಕ್ಕಿನ ಸೀಟುಗಳನ್ನು ಕೂರಿಸುವುದು ಇದಕ್ಕೆ ಪರಿಹಾರ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರಿಂದ ಬಳಕೆಗೆ ಬಂದಿದೆ. ಅದು ಹಳೆಯ ರಬ್ಬರ್ ಹೋಸು, ಬೂಚಿನ ಗ್ಯಾಸ್ಕೆಟ್ಟುಗಳನ್ನು ಕೆಡಿಸುತ್ತದೆ, ತೇವವನ್ನೂ ಹೀರುತ್ತದೆ. ಎಥೆನಾಲ್ ತಾಳುವ ಹೋಸುಗಳನ್ನೇ ಹಾಕಬೇಕು. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಖಾಲಿ ಮಾಡಿಡಬೇಕು.

ಸ್ಥಳೀಯ ಉದ್ಯಮಕ್ಕೆ ಅವಕಾಶ

ಬಿಚ್ಚುವುದು, ತೊಳೆಯುವುದು, ಚೀಟಿ ಅಂಟಿಸುವುದು, ತುಕ್ಕು ತೆಗೆಯುವುದು, ತಂತಿ ಜೋಡಿಸುವುದು, ಮರುಜೋಡಣೆ ಇವು ಮನೆಯಲ್ಲಿ ಆಗುವ ಕೆಲಸಗಳು. ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಚಾಸಿಯ ವೆಲ್ಡಿಂಗ್, ಅಂತಿಮ ಬಣ್ಣ ಇವು ಪರಿಣತರಿಗೆ ಬಿಡತಕ್ಕವು. ಇಲ್ಲಿಯೇ ನಮ್ಮ ಊರುಗಳ ಸಣ್ಣ ವರ್ಕ್‌ಶಾಪುಗಳ ಪಾತ್ರ ಬರುತ್ತದೆ. ಗದಗ-ಬೆಟಗೇರಿಯ ಜಿನ್ನಿಂಗ್ ಕಾರ್ಖಾನೆ, ಮುದ್ರಣಾಲಯಗಳಿಗೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳಿಗೂ ಅಂಗಡಿಯಲ್ಲಿ ಸಿಗದ ಬಿಡಿಭಾಗವನ್ನು ಹಳೆಯದರ ಅಳತೆ ನೋಡಿ ತಯಾರಿಸಿಕೊಡುವುದು ಲೇತ್ ಕೆಲಸಗಾರರ ವೃತ್ತಿ. ಇಂದಿನ ಕಾರುಗಳ ದುರಸ್ತಿಯಲ್ಲಿ ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕುವುದೇ ಹೆಚ್ಚು. ಹಳೆಯ ಕಾರುಗಳಿಗೆ ಬೇಕಾದುದು ಭಾಗವನ್ನೇ ಮರುಸೃಷ್ಟಿಸಬಲ್ಲ ಕೈ. ಆ ಕೈಗಳಿಗೆ ಹೊಸ ಕೆಲಸ ದೊರೆಯದಿದ್ದರೆ ವಿದ್ಯೆಯೂ ಅವರೊಡನೆಯೇ ಮುಗಿಯುತ್ತದೆ.

ಹಳೆಯ ಕಾರುಗಳಿಗೆ ನಾಡಿನಲ್ಲಿ ಗೌರವವಿಲ್ಲವೆಂದಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಕಾರುಗಳು, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯ ಇದಕ್ಕೆ ಸಾಕ್ಷಿ. ಅಂತಹ ಸಂಗ್ರಹಗಳಿಗೂ ಖಾಸಗಿ ಮಾಲೀಕರಿಗೂ ಬಿಡಿಭಾಗ ತಯಾರಿಸಿಕೊಡಲು ಇಚ್ಛಿಸುವ ವರ್ಕ್‌ಶಾಪು ಮೂರು ಶಿಸ್ತುಗಳನ್ನು ರೂಢಿಸಿಕೊಂಡರೆ ಸಾಕು: ಅಳತೆಯನ್ನು ನಕ್ಷೆಯಲ್ಲಿ ಬರೆದಿಡುವುದು, ಬಳಸಿದ ಲೋಹವನ್ನು ಬಿಲ್ಲಿನಲ್ಲಿ ನಮೂದಿಸುವುದು, ಹಳೆಯ ಭಾಗವನ್ನು ಮಾಲೀಕರಿಗೆ ಹಿಂದಿರುಗಿಸುವುದು.

ಸಾರಾಂಶವಿಷ್ಟು: ಕಾಗದ ಸರಿಪಡಿಸಿ, ಲೆಕ್ಕ ಬರೆದು, ಅಳೆದು, ಕೊನೆಗೆ ಕೈಹಾಕಬೇಕು. ಮೂಲ ಎಂಜಿನ್ ಮತ್ತು ಚಾಸಿಯನ್ನು ಎಂತಹ ಸ್ಥಿತಿಯಲ್ಲಿಯೂ ಬಿಟ್ಟುಕೊಡಬಾರದು. ಗೋದಾಮಿನ ಮೂಲೆಯಲ್ಲಿ ಹಳೆಯ ಕಾರು ಉಳ್ಳವರು ಗುಜರಿಯವರಿಗೆ ಹೇಳಿ ಕಳುಹಿಸುವ ಮೊದಲು ಅದರ ನೋಂದಣಿ ಪತ್ರವನ್ನೊಮ್ಮೆ ತೆರೆದು ನೋಡುವುದು ಲೇಸು.